ಜನರ ನಡುವೆ ಒಂದು ಕ್ಯಾಮರಾ

ಬೀದಿಯೆಂಬುದು ಮಾನವ ಜೀವನದ ಬಹು ದೊಡ್ಡ ರಂಗಸ್ಥಳ. ಅದಕ್ಕೆ ಪ್ರವೇಶದ ಚೀಟಿಯಿಲ್ಲ. ಅಲ್ಲಿ ತೆರೆ ಏಳುವುದೂ ಇಲ್ಲ, ಬೀಳುವುದೂ ಇಲ್ಲ. ಮುಂಜಾನೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನಿಂದ ಮೊದಲುಗೊಂಡು, ರಾತ್ರಿ ಅಂಗಡಿಯ ಬಾಗಿಲೆಳೆದು ಬೀಗ ಹಾಕುವ ವರ್ತಕನವರೆಗೆ ಎಲ್ಲರೂ ತಮಗೆ ಅರಿವಿಲ್ಲದೆಯೇ ಅಲ್ಲಿ ಪಾತ್ರಧಾರಿಗಳು. ದಿನನಿತ್ಯವೂ ನಾವು ಈ ದೃಶ್ಯಗಳ ನಡುವೆಯೇ ಹಾದುಹೋಗುತ್ತೇವೆ. ಆದರೆ ಮನೆಗೆ ಮರಳಿದ ಮೇಲೆ ದಾರಿಯಲ್ಲಿ ಏನನ್ನು ಕಂಡೆವೆಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಕಣ್ಣು ನೋಡಿದ್ದನ್ನೆಲ್ಲ ಮನಸ್ಸು ಕಂಡಿರುವುದಿಲ್ಲ. ಹೀಗೆ ನಮ್ಮ ಗಮನದಿಂದ ಜಾರಿಹೋಗುವ ಸಾಮಾನ್ಯ ಜೀವನವನ್ನು ಹಿಡಿದು ನಿಲ್ಲಿಸಿ, ಮತ್ತೆ ನಮ್ಮ ಕಣ್ಣಮುಂದೆ ಇಡುವ ಕಲೆಗೆ ಬೀದಿ ಛಾಯಾಗ್ರಹಣವೆಂದು ಹೆಸರು.

ಛಾಯಾಗ್ರಹಣವು ಹುಟ್ಟಿದ ಕಾಲದಲ್ಲಿ ಬೀದಿಯ ಜೀವನವನ್ನು ಹಿಡಿಯುವುದು ಅದಕ್ಕೆ ಸಾಧ್ಯವಿರಲಿಲ್ಲ. 1838ರಲ್ಲಿ ಫ್ರಾನ್ಸ್ ದೇಶದ ಲೂಯಿ ದಗೇರ್ ಎಂಬುವರು ಪ್ಯಾರಿಸ್ ನಗರದ ಒಂದು ಹೆದ್ದಾರಿಯ ಚಿತ್ರವನ್ನು ಮಹಡಿಯ ಮೇಲಿನಿಂದ ತೆಗೆದರು. ಆ ರಸ್ತೆಯಲ್ಲಿ ಜನರೂ ಗಾಡಿಗಳೂ ಧಾರಾಳವಾಗಿ ಓಡಾಡುತ್ತಿದ್ದ ವೇಳೆ ಅದು. ಆದರೆ ಅಂದಿನ ಫಲಕದ ಮೇಲೆ ಚಿತ್ರ ಮೂಡಲು ಹಲವು ನಿಮಿಷಗಳ ಕಾಲ ಬೆಳಕು ಬೀಳಬೇಕಾಗಿತ್ತು. ಆದುದರಿಂದ ಚಲಿಸುತ್ತಿದ್ದ ಯಾವುದೂ ಅದರಲ್ಲಿ ಮೂಡಲಿಲ್ಲ; ರಸ್ತೆ ನಿರ್ಜನವಾಗಿ ಕಂಡಿತು. ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯನ ಆಕೃತಿ ಉಳಿದುಕೊಂಡಿತು. ಆತ ತನ್ನ ಬೂಟುಗಳಿಗೆ ಬಣ್ಣ ಹಾಕಿಸಿಕೊಳ್ಳಲು ನಿಂತಿದ್ದನು. ಮನುಷ್ಯನ ರೂಪ ಕಾಣಿಸಿಕೊಂಡ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಇದು ಒಂದು. ನಿಂತವನು ಉಳಿದನು, ನಡೆದವರೆಲ್ಲ ಅಳಿಸಿಹೋದರು.

ಅನಂತರದ ಅನೇಕ ವರ್ಷಗಳ ಕಾಲ ಕ್ಯಾಮರಾ ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆಯೇ ಹೆಚ್ಚಾಗಿ ಉಳಿಯಿತು. ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಇಂದಿಗೂ ಆ ಕಾಲದ ಚಿತ್ರಗಳು ಗೋಡೆಯ ಮೇಲೆ ತೂಗುತ್ತಿರುತ್ತವೆ. ಹಿಂದೆ ಬಣ್ಣದ ಪರದೆ, ನಡುವೆ ಕೆತ್ತನೆಯ ಕುರ್ಚಿ, ಕುರ್ಚಿಯಲ್ಲಿ ಪೇಟ ಧರಿಸಿದ ಯಜಮಾನರು, ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತ ಮನೆಯವರು. ಅವು ಗೌರವದ ಚಿತ್ರಗಳು, ನಿಜ. ಆದರೆ ಅವರು ಹೇಗೆ ನಗುತ್ತಿದ್ದರು, ಹೇಗೆ ನಡೆಯುತ್ತಿದ್ದರು ಎಂಬುದನ್ನು ಅವು ಹೇಳಲಾರವು. 1925ರಲ್ಲಿ ಜರ್ಮನಿಯಿಂದ ಲೈಕಾ ಎಂಬ ಪುಟ್ಟ ಕ್ಯಾಮರಾ ಮಾರುಕಟ್ಟೆಗೆ ಬಂದಿತು. ಅಂಗೈಯಲ್ಲಿ ಹಿಡಿಯಬಹುದಾದ ಇಂಥ ಕ್ಯಾಮರಾಗಳಲ್ಲಿ ಒಂದೇ ಫಿಲ್ಮ್ ಸುರುಳಿಯಿಂದ 36 ಚಿತ್ರಗಳನ್ನು ತೆಗೆಯಬಹುದಾಗಿತ್ತು. ಮುಕ್ಕಾಲಿಯ ಹಂಗಿಲ್ಲದೆ ಛಾಯಾಗ್ರಾಹಕನು ಜನರ ನಡುವೆ ಇಳಿದು ನಡೆಯಲು ಇದರಿಂದ ಅನುಕೂಲವಾಯಿತು.

ಅನುಕೂಲದ ಜೊತೆಗೇ ಒಂದು ಹೊಸ ಪ್ರಶ್ನೆಯೂ ಹುಟ್ಟಿತು. ಸ್ಟುಡಿಯೋಗೆ ಬರುವವನು ತನ್ನ ಚಿತ್ರ ಬೇಕೆಂದು ತಾನಾಗಿಯೇ ಬರುತ್ತಾನೆ. ತಲೆ ಬಾಚಿ, ಒಳ್ಳೆಯ ಬಟ್ಟೆ ತೊಟ್ಟು ಬರುತ್ತಾನೆ. ಬೀದಿಯಲ್ಲಿರುವವನು ಚಿತ್ರಕ್ಕಾಗಿ ಬಂದವನಲ್ಲ. ಅವನಿಗೆ ಅವನದೇ ಕೆಲಸ, ಅವನದೇ ಅವಸರ, ಕೆಲವೊಮ್ಮೆ ಅವನದೇ ದುಃಖ. ಅವನೆದುರು ಕ್ಯಾಮರಾ ಎತ್ತುವವನು ಹೇಗೆ ನಡೆದುಕೊಳ್ಳಬೇಕು? ಕದ್ದು ತೆಗೆಯಬೇಕೆ, ಕೇಳಿ ತೆಗೆಯಬೇಕೆ? ಕೇಳಿದರೆ ಸಹಜತೆ ಕೆಡುತ್ತದೆ. ಕೇಳದಿದ್ದರೆ ಸೌಜನ್ಯ ಕೆಡುತ್ತದೆ. ಒಳ್ಳೆಯ ಛಾಯಾಗ್ರಾಹಕರೆಲ್ಲರೂ ಈ ಪ್ರಶ್ನೆಗೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡಿದ್ದಾರೆ. ಆ ಉತ್ತರವೇ ಅವರವರ ಮಾರ್ಗ. ಕನ್ನಡ ನಾಡಿನ ಟಿ. ಎಸ್. ಸತ್ಯನ್ ಅವರು ಕಂಡುಕೊಂಡ ಮಾರ್ಗವು ಅಂಥವುಗಳಲ್ಲಿ ಗಮನಾರ್ಹವಾದುದು.

ಸತ್ಯನ್ ಅವರು 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದರು. ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ವಿದ್ಯಾವಂತರು ಸರ್ಕಾರಿ ಹುದ್ದೆಯನ್ನೋ ಅಧ್ಯಾಪಕ ವೃತ್ತಿಯನ್ನೋ ಬಯಸುತ್ತಿದ್ದ ಕಾಲದಲ್ಲಿ ಅವರು ಕ್ಯಾಮರಾವನ್ನು ಜೀವನೋಪಾಯವಾಗಿ ಆರಿಸಿಕೊಂಡರು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಛಾಯಾಗ್ರಾಹಕರಾಗಿ ಸೇರಿದರು. ಅನಂತರ ‘ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ ವಾರಪತ್ರಿಕೆಗೆ ಕೆಲಸ ಮಾಡಿದರು. ಮುಂದೆ ಸ್ವತಂತ್ರ ಛಾಯಾಗ್ರಾಹಕರಾಗಿ ದೆಹಲಿಯಲ್ಲಿ ದೀರ್ಘಕಾಲ ನೆಲೆಸಿ, ದೇಶವಿದೇಶಗಳ ಪತ್ರಿಕೆಗಳಿಗೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೂ ಚಿತ್ರಗಳನ್ನು ಒದಗಿಸಿದರು. 1977ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಮುಪ್ಪಿನಲ್ಲಿ ಹುಟ್ಟೂರಿಗೆ ಮರಳಿದ ಅವರು ‘ಕಾಲಕ್ಕೆ ಕನ್ನಡಿ’ ಎಂಬ ಹೆಸರಿನಲ್ಲಿ ತಮ್ಮ ನೆನಪುಗಳನ್ನು ಕನ್ನಡದಲ್ಲಿ ಬರೆದರು. 2009ರ ಡಿಸೆಂಬರ್ 13ರಂದು ಮೈಸೂರಿನಲ್ಲಿಯೇ ನಿಧನರಾದರು.

ವೃತ್ತಿಯಿಂದ ಅವರು ಪತ್ರಿಕಾ ಛಾಯಾಗ್ರಾಹಕರು. ಪ್ರಧಾನಿಗಳು, ಮಂತ್ರಿಗಳು, ಪ್ರಸಿದ್ಧ ಸಾಹಿತಿಗಳು ಮುಂತಾದ ಗಣ್ಯರು ಅವರ ಕ್ಯಾಮರಾದ ಮುಂದೆ ಬಂದುಹೋದರು. ಆದರೆ ಅವರ ಮನಸ್ಸು ನೆಟ್ಟುದು ಸಾಮಾನ್ಯ ಜನರಲ್ಲಿ. ಶಾಲೆಯಂಗಳದಲ್ಲಿ ಆಡುವ ಮಕ್ಕಳು, ದುಡಿಯುವ ಹೆಂಗಸರು, ಸಂತೆಯ ವ್ಯಾಪಾರಿಗಳು, ಬಿಸಿಲು ಕಾಯಿಸುತ್ತ ಕುಳಿತ ವೃದ್ಧರು ಇವರೇ ಅವರ ಚಿತ್ರಗಳ ನಿಜವಾದ ನಾಯಕರು. ಅಚ್ಚರಿಯ ಘಟನೆಗಳನ್ನು ಬೆನ್ನಟ್ಟಿ ಹೋಗುವವನಿಗೆ ಘಟನೆ ನಡೆಯದ ದಿನ ಕೆಲಸವಿಲ್ಲ. ಸಾಮಾನ್ಯ ಜೀವನದಲ್ಲಿಯೇ ಅಚ್ಚರಿಯನ್ನು ಕಾಣಬಲ್ಲವನಿಗೆ ಕೆಲಸವಿಲ್ಲದ ದಿನವೇ ಇಲ್ಲ. ಇದು ಅವರ ಮಾರ್ಗದ ಮೊದಲನೆಯ ಲಕ್ಷಣ.

ಎರಡನೆಯದು ಸಾಮೀಪ್ಯ. ದೂರದ ವಸ್ತುವನ್ನು ಹತ್ತಿರಕ್ಕೆಳೆದು ತೋರಿಸುವ ಉದ್ದನೆಯ ಮಸೂರಗಳು ಇವೆ. ಅವುಗಳ ಸಹಾಯದಿಂದ ರಸ್ತೆಯ ಆಚೆ ಬದಿಯಲ್ಲಿ ಮರೆಯಾಗಿ ನಿಂತು ಯಾರ ಮುಖವನ್ನಾದರೂ ತೆಗೆದುಕೊಳ್ಳಬಹುದು. ಹಾಗೆ ತೆಗೆದ ಚಿತ್ರದಲ್ಲಿ ಮುಖ ದೊಡ್ಡದಾಗಿ ಕಾಣಬಹುದು. ಆದರೆ ನೋಡುವವನಿಗೂ ಆ ಮುಖಕ್ಕೂ ನಡುವೆ ಇದ್ದ ರಸ್ತೆಯ ಅಗಲ ಚಿತ್ರದಲ್ಲಿಯೂ ಉಳಿದುಬಿಡುತ್ತದೆ. ಬೀದಿ ಛಾಯಾಗ್ರಾಹಕರು ಸಾಮಾನ್ಯವಾಗಿ 35 ಅಥವಾ 50 ಮಿಲಿಮೀಟರ್ ನಾಭಿದೂರದ ಮಸೂರಗಳನ್ನು ಬಳಸುತ್ತಾರೆ. ಇವುಗಳಿಂದ ಚಿತ್ರ ತೆಗೆಯಬೇಕಾದರೆ ಹತ್ತಿರಕ್ಕೆ, ಮಾತು ಕೇಳಿಸುವಷ್ಟು ಹತ್ತಿರಕ್ಕೆ, ಹೋಗಲೇಬೇಕು. ಅಷ್ಟು ಹತ್ತಿರ ಹೋದ ಮೇಲೆ ಅಡಗಿಕೊಳ್ಳಲು ಎಡೆಯಿಲ್ಲ. ಎದುರಿಗಿರುವವರ ಒಪ್ಪಿಗೆ ಬೇಕೇ ಬೇಕು. ಆ ಒಪ್ಪಿಗೆ ಮಾತಿನಲ್ಲಿಯೇ ಬರಬೇಕೆಂದಿಲ್ಲ. ಒಂದು ನಗೆ, ಒಂದು ತಲೆದೂಗು, ಕಂಡೂ ಕಾಣದಂತೆ ತಮ್ಮ ಕೆಲಸವನ್ನು ಮುಂದುವರಿಸುವ ಸಲಿಗೆ, ಇವೂ ಒಪ್ಪಿಗೆಯೇ. ಸತ್ಯನ್ ಅವರ ಚಿತ್ರಗಳಲ್ಲಿರುವ ಜನರ ಮುಖಗಳನ್ನು ಗಮನಿಸಿದರೆ ಅಲ್ಲಿ ಬೆದರಿಕೆಯಾಗಲಿ ಸಂಕೋಚವಾಗಲಿ ಕಾಣುವುದಿಲ್ಲ. ಮನೆಗೆ ಬಂದ ನೆಂಟನೆದುರು ಇರುವಂತೆ ಅವರು ನಿರಾಳವಾಗಿದ್ದಾರೆ.

ಮೂರನೆಯದು ತಾಳ್ಮೆ. ಬೀದಿಯಲ್ಲಿ ಎಲ್ಲವೂ ಚಲಿಸುತ್ತಿರುತ್ತದೆ. ಮನುಷ್ಯರು ಹತ್ತಿರ ಬರುತ್ತಾರೆ, ದೂರ ಸರಿಯುತ್ತಾರೆ. ಕೈ ಏಳುತ್ತದೆ, ಇಳಿಯುತ್ತದೆ. ನಗೆ ಮೂಡುತ್ತದೆ, ಮಾಯವಾಗುತ್ತದೆ. ಈ ಚಲನೆಗಳೆಲ್ಲ ಒಂದು ಕ್ಷಣದಲ್ಲಿ ಕೂಡಿಬಂದು, ಅರ್ಥವುಳ್ಳ ಒಂದು ಆಕಾರವನ್ನು ತಳೆಯುತ್ತವೆ, ಮರುಕ್ಷಣವೇ ಚದುರಿಹೋಗುತ್ತವೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸೋ ಅವರು ಈ ಕ್ಷಣದ ಮಹತ್ವವನ್ನು ಲೋಕಕ್ಕೆ ಮನಗಾಣಿಸಿದರು. 1952ರಲ್ಲಿ ಪ್ರಕಟವಾದ ಅವರ ಗ್ರಂಥದ ಇಂಗ್ಲಿಷ್ ಆವೃತ್ತಿಗೆ ‘ನಿರ್ಣಾಯಕ ಕ್ಷಣ’ ಎಂಬ ಅರ್ಥದ ಹೆಸರೇ ಇದೆ. 1932ರಲ್ಲಿ ಪ್ಯಾರಿಸಿನ ರೈಲು ನಿಲ್ದಾಣವೊಂದರ ಹಿಂದೆ ಅವರು ತೆಗೆದ ಚಿತ್ರದಲ್ಲಿ ಒಬ್ಬ ಮನುಷ್ಯ ನಿಂತ ನೀರನ್ನು ಹಾರಿ ದಾಟುತ್ತಿದ್ದಾನೆ. ಆತನ ಹಿಮ್ಮಡಿ ಇನ್ನೂ ನೀರನ್ನು ಮುಟ್ಟಿಲ್ಲ. ಅವನ ಪ್ರತಿಬಿಂಬ ಕಲಕದೆ ಕೆಳಗೆ ನಿಂತಿದೆ. ಕಣ್ಣು ರೆಪ್ಪೆ ಹೊಡೆಯುವಷ್ಟು ತಡವಾಗಿದ್ದರೆ ಆ ಚಿತ್ರ ದೊರಕುತ್ತಿರಲಿಲ್ಲ.

ಕಾರ್ಟಿಯೆ ಬ್ರೆಸೋ ಅವರು ಭಾರತಕ್ಕೂ ಬಂದಿದ್ದರು. 1948ರ ಜನವರಿ 30ರಂದು ಗಾಂಧೀಜಿಯವರು ಹತ್ಯೆಗೀಡಾಗುವುದಕ್ಕೆ ಸ್ವಲ್ಪ ಹೊತ್ತಿನ ಮೊದಲು ಅವರನ್ನು ಭೇಟಿಯಾಗಿದ್ದರು. ಅನಂತರದ ಜನಸಾಗರದ ಶೋಕವನ್ನು ಚಿತ್ರಿಸಿದರು. ಬೀದಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಸಂಚರಿಸುವುದು ಅವರ ಮಾರ್ಗ. ಹೊಳಪಿನಿಂದ ಜನರ ಗಮನ ಸೆಳೆಯಬಾರದೆಂದು ತಮ್ಮ ಕ್ಯಾಮರಾದ ಲೋಹದ ಭಾಗಗಳಿಗೆ ಅವರು ಕಪ್ಪು ಪಟ್ಟಿ ಅಂಟಿಸುತ್ತಿದ್ದರು. ಕಣ್ಮರೆಯಾಗಿ ಜೀವನವನ್ನು ಹಿಡಿಯುವುದು ಒಂದು ದಾರಿ. ಜನರಲ್ಲಿ ಒಬ್ಬನಾಗಿ ಬೆರೆತು ಅದನ್ನು ಪಡೆಯುವುದು ಇನ್ನೊಂದು ದಾರಿ. ಸತ್ಯನ್ ಅವರ ಚಿತ್ರಗಳಲ್ಲಿ ಎರಡನೆಯ ದಾರಿಯ ಗುರುತೇ ಎದ್ದು ಕಾಣುತ್ತದೆ. ಎರಡು ದಾರಿಗಳಿಗೂ ತಾಳ್ಮೆ ಸಮಾನವಾದುದು.

ಕ್ಷಣವು ಕೂಡಿಬಂದಾಗ ಸಾಧನವು ಅಡ್ಡಿಯಾಗಬಾರದು. ಇದಕ್ಕಾಗಿ ಬೀದಿ ಛಾಯಾಗ್ರಾಹಕರು ಮೊದಲೇ ಸಿದ್ಧತೆ ಮಾಡಿಕೊಂಡಿರುತ್ತಾರೆ. ಸಾಧಾರಣ ವೇಗದಲ್ಲಿ ನಡೆಯುವ ಮನುಷ್ಯನು ಒಂದು ಸೆಕೆಂಡಿಗೆ ಸುಮಾರು ಒಂದೂಕಾಲು ಮೀಟರ್ ಮುಂದೆ ಸಾಗುತ್ತಾನೆ. ಕ್ಯಾಮರಾದ ಷಟರ್ ಸೆಕೆಂಡಿನ 125ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ಅವನು ಒಂದು ಸೆಂಟಿಮೀಟರ್ ಸರಿದಿರುತ್ತಾನೆ. ಬೀಸುವ ಕೈ ಇನ್ನೂ ಹೆಚ್ಚು ಸರಿದು ಮಸುಕಾಗಿ ಮೂಡುತ್ತದೆ. 500ನೆಯ ಒಂದು ಭಾಗವಾದರೆ ಸರಿದದ್ದು ಎರಡೂವರೆ ಮಿಲಿಮೀಟರ್ ಮಾತ್ರ, ಚಿತ್ರ ಸ್ಪಷ್ಟವಾಗಿರುತ್ತದೆ. ಮಸೂರದ ಬೆಳಕಿನ ಕಂಡಿಯನ್ನು ಕಿರಿದಾಗಿಸಿದಷ್ಟೂ ಹೆಚ್ಚು ದೂರದವರೆಗಿನ ವಸ್ತುಗಳು ಸ್ಪಷ್ಟವಾಗಿ ಮೂಡುತ್ತವೆ. 35 ಮಿಲಿಮೀಟರ್ ಮಸೂರದ ಕಂಡಿಯನ್ನು 8ರ ಗುರುತಿಗೆ ತಿರುಗಿಸಿ, 3 ಮೀಟರ್ ದೂರಕ್ಕೆ ಹೊಂದಿಸಿಟ್ಟರೆ, ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಆಗ ಛಾಯಾಗ್ರಾಹಕನು ಕ್ಯಾಮರಾದ ಗುಂಡಿಗಳನ್ನು ಮರೆತು, ಎದುರಿಗಿರುವ ಮನುಷ್ಯರ ಮೇಲೆ ತನ್ನ ಗಮನವನ್ನೆಲ್ಲ ಇಡಬಹುದು. ವೀಣೆಯನ್ನು ಶ್ರುತಿಮಾಡಿಕೊಂಡ ಬಳಿಕ ವೈಣಿಕನು ಬಿರಡೆಗಳ ಕಡೆ ನೋಡದೆ ರಾಗದಲ್ಲಿ ಮನಸ್ಸಿಡುವಂತೆ ಇದು.

ನಾಲ್ಕನೆಯ ಲಕ್ಷಣವು ಎಲ್ಲಕ್ಕಿಂತ ಮುಖ್ಯವಾದುದು. ಅದು ಚಿತ್ರದಲ್ಲಿರುವ ವ್ಯಕ್ತಿಯ ಮಾನಕ್ಕೆ ಸಲ್ಲಿಸುವ ಗೌರವ. ಬೀದಿಯಲ್ಲಿ ಹೆಚ್ಚು ಹೊತ್ತು ಕಾಣಸಿಗುವವರು ಬಡವರು. ಸಿರಿವಂತನಿಗೆ ಮನೆಯ ಗೋಡೆಗಳ ಮರೆಯಿದೆ. ಬೀದಿಯ ಬದಿಯಲ್ಲಿಯೇ ಉಣ್ಣುವ, ಮಲಗುವ, ಮಗುವಿಗೆ ಹಾಲೂಡಿಸುವ ಮನುಷ್ಯರಿಗೆ ಆ ಮರೆಯಿಲ್ಲ. ಬೇಡವೆಂದು ಹೇಳುವ ಧೈರ್ಯವೂ ಎಷ್ಟೋ ವೇಳೆ ಅವರಿಗಿರುವುದಿಲ್ಲ. ಆದುದರಿಂದ ಅವರ ಹರಿದ ಬಟ್ಟೆಯನ್ನೂ ಬಾಡಿದ ಮುಖವನ್ನೂ ತೆಗೆದು ನೋಡುಗರ ಕನಿಕರವನ್ನು ಗಳಿಸುವುದು ಬಹಳ ಸುಲಭ. ಸುಲಭವಾದ ಈ ದಾರಿಯನ್ನು ಸತ್ಯನ್ ಅವರು ತುಳಿಯಲಿಲ್ಲ. ಅವರ ಚಿತ್ರದಲ್ಲಿ ಬಡತನ ಮರೆಯಾಗಿಲ್ಲ. ಆದರೆ ಬಡತನಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದರೊಳಗೆ ಬಾಳುತ್ತಿರುವ ಮನುಷ್ಯ, ಅವನ ಕೆಲಸ, ಅವನ ನಲಿವು.

ಈ ಗುಣಕ್ಕೆ ಕಠಿಣವಾದ ಪರೀಕ್ಷೆಯೊಂದು ಎದುರಾಯಿತು. ಭಾರತದಲ್ಲಿ ಸಿಡುಬು ರೋಗವನ್ನು ನಿರ್ಮೂಲ ಮಾಡುವ ಮಹಾಕಾರ್ಯ ನಡೆಯುತ್ತಿದ್ದಾಗ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸತ್ಯನ್ ಅವರು ಅದರ ಚಿತ್ರಗಳನ್ನು ತೆಗೆದರು. ಸಿಡುಬು ಮೈಯೆಲ್ಲ ಗುಳ್ಳೆಗಳೆದ್ದು, ಅನೇಕರನ್ನು ಕೊಂದು, ಬದುಕುಳಿದವರ ಮುಖದ ಮೇಲೆ ಮಾಯದ ಕಲೆಗಳನ್ನು ಉಳಿಸಿಹೋಗುತ್ತಿದ್ದ ರೋಗ. ಅಂಥ ರೋಗಿಯ ಮುಂದೆ ಕ್ಯಾಮರಾ ಹಿಡಿದು ನಿಲ್ಲುವವನ ಹೊಣೆ ಎಂಥದು! ರೋಗದ ಭೀಕರತೆಯನ್ನು ತೋರಿಸದಿದ್ದರೆ ಜನ ಎಚ್ಚರಗೊಳ್ಳುವುದಿಲ್ಲ. ಅದನ್ನು ಮಾತ್ರ ತೋರಿಸಿದರೆ ರೋಗಿಯು ಮನುಷ್ಯನಾಗಿ ಉಳಿಯುವುದಿಲ್ಲ. ರೋಗವನ್ನು ತೋರಿಸುತ್ತಲೇ ರೋಗಿಯನ್ನು ಒಬ್ಬ ತಾಯಿಯಾಗಿ, ಒಬ್ಬ ಮಗನಾಗಿ ಕಾಣಿಸಬಲ್ಲ ಕಣ್ಣು ಇಂಥ ಕೆಲಸಕ್ಕೆ ಬೇಕಾಗುತ್ತದೆ. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡುಬಂದಿತು. 1980ರಲ್ಲಿ ಲೋಕವೇ ಆ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಇಂದಿನ ಮಕ್ಕಳು ಸಿಡುಬನ್ನು ಕಾಣಬಹುದಾದದ್ದು ಇಂಥ ಚಿತ್ರಗಳಲ್ಲಿ ಮಾತ್ರ.

ಮಕ್ಕಳ ವಿಷಯದಲ್ಲಿ ಸತ್ಯನ್ ಅವರಿಗೆ ವಿಶೇಷವಾದ ಒಲವಿತ್ತು. 1979ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿತು. ಆ ಸಂದರ್ಭದಲ್ಲಿ ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ಸಂಸ್ಥೆಯು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಏರ್ಪಡಿಸಿತು. ಮಗುವಿನ ಚಿತ್ರ ತೆಗೆಯುವವನು ಒಂದು ಸಣ್ಣ ಸಂಗತಿಯನ್ನು ಮರೆಯಬಾರದು. ನಿಂತುಕೊಂಡು ಮೇಲಿನಿಂದ ಕೆಳಕ್ಕೆ ನೋಡಿದರೆ ಮಗು ಕುಬ್ಜವಾಗಿ, ದೀನವಾಗಿ ಕಾಣುತ್ತದೆ. ಮೊಣಕಾಲೂರಿ ಕುಳಿತು, ಅದರ ಕಣ್ಣಿನ ಎತ್ತರಕ್ಕೆ ಕ್ಯಾಮರಾವನ್ನು ಇಳಿಸಿದರೆ ಅದೇ ಮಗು ತನ್ನ ಲೋಕದ ಒಡೆಯನಂತೆ ಕಾಣುತ್ತದೆ. ಚಿತ್ರಕ್ಕಾಗಿ ಬಾಗುವುದು ಮಗುವಿನ ಕೆಲಸವಲ್ಲ, ದೊಡ್ಡವರ ಕೆಲಸ.

ಇಂಥ ನೋಟವನ್ನು ರೂಢಿಸಿಕೊಳ್ಳಲು ದೂರದ ಊರುಗಳಿಗೆ ಹೋಗಬೇಕಾಗಿಲ್ಲ. ಯಾವುದೇ ಊರಿನ ಯಾವುದೇ ರಸ್ತೆ ಸಾಕು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿರುವ ಮಾಚೇನಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸತ್ಯನ್ ಅವರು ಹುಟ್ಟಿದ 1923ರಲ್ಲಿಯೇ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ತನ್ನ ಉತ್ಪಾದನೆಯನ್ನು ಆರಂಭಿಸಿತು. ಅಂದಿನಿಂದ ಈ ಸೀಮೆಗೆ ಯಂತ್ರದ ದುಡಿಮೆ ಪರಿಚಿತವಾದುದು. ಮಾಚೇನಹಳ್ಳಿಯೂ ಇಂದು ಕೈಗಾರಿಕಾ ಪ್ರದೇಶ. ಪ್ರವಾಸಿಗರು ನಿಂತು ನೋಡುವ ದೇವಾಲಯವಾಗಲಿ ಜಲಪಾತವಾಗಲಿ ಅಲ್ಲಿನ ಹೆದ್ದಾರಿಯ ಬದಿಯಲ್ಲಿಲ್ಲ. ಬಸ್ಸುಗಳು ಹಾದುಹೋಗುತ್ತವೆ, ಲಾರಿಗಳು ಸಾಗುತ್ತವೆ, ದುಡಿಯುವವರು ಕೆಲಸಕ್ಕೆ ಹೋಗುತ್ತಾರೆ, ಬರುತ್ತಾರೆ. ಅಲ್ಲಿ ಚಿತ್ರ ತೆಗೆಯುವುದಕ್ಕೆ ಏನಿದೆ ಎಂದು ಯಾರಿಗಾದರೂ ತೋರಬಹುದು.

ಒಬ್ಬ ಬಾಲಕನು ಕ್ಯಾಮರಾ ಹಿಡಿದು ಅಲ್ಲಿನ ಒಂದು ಚಹಾದಂಗಡಿಯ ಬಳಿ ಬೆಳಗಿನ ಹೊತ್ತು ನಿಂತನೆಂದು ಭಾವಿಸೋಣ. ಮೊದಲನೆಯ ದಿನ ಎಲ್ಲರೂ ಅವನನ್ನೇ ನೋಡುತ್ತಾರೆ. ಒಬ್ಬರು ಅಂಗಿಯನ್ನು ಸರಿಪಡಿಸಿಕೊಳ್ಳುತ್ತಾರೆ, ಒಬ್ಬರು ಮುಖ ತಿರುಗಿಸುತ್ತಾರೆ, ಇನ್ನೊಬ್ಬರು ಯಾವ ಪತ್ರಿಕೆಗೆ ಎಂದು ವಿಚಾರಿಸುತ್ತಾರೆ. ಆ ದಿನ ದೊರೆಯುವುದು ಕ್ಯಾಮರಾವನ್ನು ನೋಡುತ್ತಿರುವ ಜನರ ಚಿತ್ರ ಮಾತ್ರ. ಎರಡು ಮೂರು ದಿನ ಕಳೆದ ಮೇಲೆ ಅವರಿಗೆ ಅವನು ಹಳಬನಾಗುತ್ತಾನೆ. ವಾರ ಕಳೆಯುವಷ್ಟರಲ್ಲಿ ಅಂಗಡಿಯವರೇ ‘ಬಾರಪ್ಪ, ಇವತ್ತು ತಡವಾಯಿತಲ್ಲ’ ಎಂದು ಕರೆಯುತ್ತಾರೆ. ಅಷ್ಟರಲ್ಲಿ ಅವನಿಗೂ ಕೆಲವು ಸಂಗತಿಗಳು ತಿಳಿದಿರುತ್ತವೆ. ಯಾವ ಹೊತ್ತಿನಲ್ಲಿ ಬಿಸಿಲು ಮರದ ಕೊಂಬೆಗಳ ನಡುವಿನಿಂದ ಬೆಂಚಿನ ಮೇಲೆ ಬೀಳುತ್ತದೆ, ಯಾರು ಚಹಾ ಕುಡಿಯುತ್ತ ಪತ್ರಿಕೆ ಓದುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದವರ ಕಣ್ಣುಗಳು ಹೇಗಿರುತ್ತವೆ ಎಂಬುದನ್ನು ಅವನು ಅರಿತಿರುತ್ತಾನೆ. ಒಂದು ಬೆಳಿಗ್ಗೆ, ಕೆಲಸ ಮುಗಿಸಿ ಹೊರಟವರೊಬ್ಬರು ಕೆಲಸಕ್ಕೆ ಬರುತ್ತಿರುವ ಗೆಳೆಯನನ್ನು ಕಾಣುತ್ತಾರೆ. ಊಟದ ಡಬ್ಬಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿ, ಬಲಗೈಯನ್ನು ಗೆಳೆಯನ ಹೆಗಲ ಮೇಲಿಡುತ್ತಾರೆ. ಒಂದು ಡಬ್ಬಿ ಖಾಲಿ, ಇನ್ನೊಂದು ತುಂಬಿದ್ದು. ಒಂದು ಮುಖದಲ್ಲಿ ಆಯಾಸ, ಇನ್ನೊಂದರಲ್ಲಿ ಸ್ನಾನದ ತಾಜಾತನ. ಆ ಕ್ಷಣವನ್ನು ಹಿಡಿದವನು ಒಂದು ಊರಿನ ದುಡಿಮೆಯನ್ನೆಲ್ಲ ಒಂದು ಚಿತ್ರದಲ್ಲಿ ಹೇಳಿದಂತಾಯಿತು. ಮೊದಲನೆಯ ದಿನವೇ ಅವಸರದಿಂದ ನೂರು ಚಿತ್ರ ತೆಗೆದು ಹೊರಟುಹೋಗಿದ್ದರೆ ಅದು ಅವನಿಗೆ ದಕ್ಕುತ್ತಿರಲಿಲ್ಲ.

ಇಂಥ ಚಿತ್ರಗಳ ಬೆಲೆ ಕಾಲ ಕಳೆದಂತೆ ಹೆಚ್ಚುತ್ತದೆ. ರಾಜಮಹಾರಾಜರ ಹೆಸರುಗಳು ಶಾಸನಗಳಲ್ಲಿ ಉಳಿಯುತ್ತವೆ. ಆದರೆ ಒಂದು ಕಾಲದ ಜನ ಹೇಗೆ ಸೀರೆ ಉಡುತ್ತಿದ್ದರು, ತಕ್ಕಡಿಯನ್ನು ಹೇಗೆ ಹಿಡಿಯುತ್ತಿದ್ದರು, ಶಾಲೆಗೆ ಏನನ್ನು ಹೊತ್ತು ಹೋಗುತ್ತಿದ್ದರು ಎಂಬ ಸಂಗತಿಗಳಿಗೆ ಶಾಸನವಿಲ್ಲ. ಆ ಕೆಲಸವನ್ನು ಬೀದಿಯ ಛಾಯಾಚಿತ್ರ ಮಾಡುತ್ತದೆ. ಬೆಂಗಳೂರಿನ ‘ಮ್ಯಾಪ್’ ಎಂಬ ಕಲೆ ಮತ್ತು ಛಾಯಾಗ್ರಹಣದ ವಸ್ತುಸಂಗ್ರಹಾಲಯದಲ್ಲಿ ಸತ್ಯನ್ ಅವರ ಚಿತ್ರಗಳ ಸಂಗ್ರಹವಿದೆ. ತೆಗೆದ ದಿನ ಅವು ದಿನನಿತ್ಯದ ನೋಟಗಳು. ಇಂದು ಅವು ನಾಡಿನ ಚರಿತ್ರೆಯ ಪುಟಗಳು.

ಇಂದು ಕ್ಯಾಮರಾ ಕೆಲವರ ಸೊತ್ತಾಗಿ ಉಳಿದಿಲ್ಲ. ಮೊಬೈಲ್ ಫೋನಿನ ರೂಪದಲ್ಲಿ ಅದು ಬಹುತೇಕ ಎಲ್ಲರ ಜೇಬನ್ನೂ ಸೇರಿದೆ. 36 ಚಿತ್ರಗಳ ಸುರುಳಿ ಮುಗಿದುಹೋಗುವುದೆಂಬ ಅಂಜಿಕೆಯಿಲ್ಲ. ಎಷ್ಟು ತೆಗೆದರೂ ಖರ್ಚಿಲ್ಲ. ತೆಗೆದ ಚಿತ್ರವನ್ನು ಕ್ಷಣಮಾತ್ರದಲ್ಲಿ ಸಾವಿರಾರು ಜನರಿಗೆ ಕಳುಹಿಸಲೂಬಹುದು. ಹಿಂದೆ ಕತ್ತಲ ಕೋಣೆಯಲ್ಲಿ ಚಿತ್ರ ಸಿದ್ಧವಾಗುವವರೆಗೆ ಛಾಯಾಗ್ರಾಹಕನಿಗೆ ಯೋಚಿಸಲು ಸಮಯವಿತ್ತು. ಈಗ ಆ ಬಿಡುವಿಲ್ಲ. ಆದುದರಿಂದ ಯೋಚನೆಯನ್ನು ಮೊದಲೇ ಮಾಡಬೇಕಾಗಿದೆ. ಮಳೆಯಲ್ಲಿ ಜಾರಿಬಿದ್ದವನನ್ನು ಕಂಡಾಗ ಮೊದಲು ಚಾಚಬೇಕಾದದ್ದು ಕೈಯನ್ನು, ಫೋನನ್ನಲ್ಲ. ಬೇಡವೆಂದು ಅಂಗೈ ಅಡ್ಡ ಹಿಡಿದವರೆದುರು ಕ್ಯಾಮರಾವನ್ನು ಇಳಿಸಿಬಿಡುವುದು ಸೋಲಲ್ಲ. ಸಂತೆಯ ಅಜ್ಜಿಯ ಚಿತ್ರ ತೆಗೆದವನು ಅದನ್ನು ಆಕೆಗೆ ತೋರಿಸಿದರೆ, ಸಾಧ್ಯವಾದರೆ ಒಂದು ಪ್ರತಿಯನ್ನು ಕೊಟ್ಟರೆ, ಆ ಚಿತ್ರದಲ್ಲಿ ಆಕೆಗೂ ಪಾಲು ಸಂದಂತಾಗುತ್ತದೆ. ಯಾವುದೇ ಚಿತ್ರವನ್ನು ಇತರರಿಗೆ ಕಳುಹಿಸುವ ಮುನ್ನ, ಇದರಲ್ಲಿ ಇರುವುದು ನನ್ನ ತಾಯಿಯೋ ತಮ್ಮನೋ ಆಗಿದ್ದರೆ ನಾನು ಇದನ್ನು ಕಳುಹಿಸುತ್ತಿದ್ದೆನೆ ಎಂದು ಪ್ರತಿಯೊಬ್ಬನೂ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಬೆಳಕನ್ನು ಅಳೆಯುವ ಕೆಲಸವನ್ನೂ ದೂರವನ್ನು ಹೊಂದಿಸುವ ಕೆಲಸವನ್ನೂ ಇಂದಿನ ಯಂತ್ರಗಳು ತಾವೇ ಮಾಡಿಕೊಳ್ಳುತ್ತವೆ. ಯಾರ ಹತ್ತಿರ ಹೋಗಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಕ್ಯಾಮರಾವನ್ನು ಎತ್ತದೆ ಇರಬೇಕು ಎಂಬುದನ್ನು ಯಾವ ಯಂತ್ರವೂ ಹೇಳಿಕೊಡಲಾರದು. ಅದು ಮನುಷ್ಯನು ಮನುಷ್ಯರ ನಡುವೆ ಇದ್ದು ಕಲಿಯಬೇಕಾದ ವಿದ್ಯೆ. ಸತ್ಯನ್ ಅವರು ಆ ವಿದ್ಯೆಯನ್ನು ನಾಡಿನ ಬೀದಿಗಳಲ್ಲಿ ಜೀವನಪೂರ್ತಿ ಕಲಿತರು. ಅವರ ಚಿತ್ರಗಳಲ್ಲಿರುವ ನಿರಾಳವಾದ ಮುಖಗಳೇ ಅದಕ್ಕೆ ಸಾಕ್ಷಿ.